ಪತ್ನಿ, ತಾಯಿ, ಸ್ವಯಂಸೇವಕಿ: ಸ್ಮರಣ ಪುಸ್ತಿಕೆಯಲ್ಲಿ ಒಬ್ಬರ ಬದುಕನ್ನು ಬರೆಯುವ ಬಗೆ

ನೀಲಿಶಾಯಿ:
ತೀರಿಕೊಂಡ ತಾಯಿಯೊಬ್ಬರ ನೆನಪಿಗೆ ಮನೆಯವರು ಒಂದು ಪುಸ್ತಿಕೆ ತರಬೇಕೆಂದಿದ್ದಾರೆ. ಸ್ಮರಣೆ ಸಭೆಯಲ್ಲಿ ಅವರ ಪತಿ ಐದಾರು ನಿಮಿಷ ಮಾತಾಡಬೇಕು. ದೃಷ್ಟಿ ಇಲ್ಲದ ವಿದ್ಯಾರ್ಥಿಗಳಿಗಾಗಿ ಎರಡು ದಶಕಕ್ಕೂ ಹೆಚ್ಚು ಕಾಲ ಪಠ್ಯಪುಸ್ತಕ ಓದಿ ಧ್ವನಿಮುದ್ರಿಸಿದವರು ಆ ತಾಯಿ. ಆಸ್ಪತ್ರೆಯಲ್ಲಿ ಯಾರೂ ನೋಡಲು ಬಾರದ ರೋಗಿಗಳ ಹತ್ತಿರ ಕುಳಿತು ಬರುತ್ತಿದ್ದರು. ಈವರೆಗೆ ಕೈಸೇರಿದ ಬರಹಗಳಲ್ಲಿ "ಮಮತೆಯ ಮೂರ್ತಿ", "ಸೇವೆಯೇ ಉಸಿರು", "ತ್ಯಾಗಮಯಿ" ಇವೇ ತುಂಬಿವೆ. ಹೆಸರು ತೆಗೆದು ಬೇರೆ ಯಾರ ಹೆಸರು ಹಾಕಿದರೂ ನಡೆಯುತ್ತದೆ. ಎಲ್ಲಿಂದ ಶುರುಮಾಡಬೇಕು, ಏನೇನು ಕೂಡಿಡಬೇಕು, ಫೋಟೋ, ವಾಯ್ಸ್ ಮೆಸೇಜು, ಫೋನು ಇವನ್ನೆಲ್ಲ ಏನು ಮಾಡಬೇಕು, ಬಲ್ಲವರು ವಿವರವಾಗಿ ತಿಳಿಸಿ.

ಕರಡುತಿದ್ದುಗ:
ಎಲ್ಲಕ್ಕಿಂತ ಮೊದಲು: ಅವರ ಸಿಮ್ ರದ್ದು ಮಾಡಿಸಬೇಡಿ, ಫೋನ್ ಆಫ್ ಮಾಡಬೇಡಿ. ಕಾರಣವನ್ನು ಆ ವಿಷಯ ಗೊತ್ತಿರುವವರು ಕೆಳಗೆ ಬರೆಯಲಿ.

ಬರಹಕ್ಕೆ ತಳಪಾಯ ವರ್ಷಪಟ್ಟಿ. ಹಾಳೆಯಲ್ಲಿ ಮೂರು ಕಾಲಂ ಎಳೆಯಿರಿ: ವರ್ಷ, ಏನಾಯಿತು, ಅದು ಗೊತ್ತಾದದ್ದು ಹೇಗೆ. ಮೂರನೆಯ ಕಾಲಂ ಬಿಟ್ಟರೆ ಪಟ್ಟಿ ಮಾಡಿಯೂ ಪ್ರಯೋಜನವಿಲ್ಲ, ಕರಡು ಓದಿದ ಕೂಡಲೇ "ಇದನ್ನು ಹೇಳಿದ್ದು ಯಾರು" ಎಂದು ಒಬ್ಬರಾದರೂ ಕೇಳುತ್ತಾರೆ. ಅಂಕಪಟ್ಟಿ, ನೇಮಕಾತಿ ಪತ್ರ, ಪಾಸ್‌ಪೋರ್ಟಿನ ಮುದ್ರೆ, ಅಂಚೆ ಲಕೋಟೆಯ ಮೇಲಿನ ತಾರೀಖು, ಮಕ್ಕಳ ಲಸಿಕೆ ಕಾರ್ಡು, ಫೋಟೋ ಹಿಂಬದಿಯ ಬರಹ, ಸ್ವಯಂಸೇವಾ ಸಂಸ್ಥೆಯ ಹಾಜರಿ ಪುಸ್ತಕ, ಇವು ಒಳ್ಳೆಯ ಸಾಕ್ಷಿ. ಯಾರದೋ ನೆನಪು ಮಾತ್ರ ಆಧಾರವಾಗಿದ್ದರೆ ಅವರ ಹೆಸರನ್ನೇ ಬರೆಯಿರಿ. ಇಸವಿ ನೆನಪಿಲ್ಲ ಎನ್ನುವವರಿಗೆ ಇಸವಿಯನ್ನೇ ಮತ್ತೆ ಮತ್ತೆ ಕೇಳಿದರೆ ಊಹಿಸಿ ಹೇಳುತ್ತಾರೆ. "ಆಗ ದೊಡ್ಡ ಮಗು ಶಾಲೆಗೆ ಹೋಗುತ್ತಿತ್ತೇ? ಹಳೆಯ ಮನೆಯಲ್ಲೋ, ಹೊಸ ಮನೆಯಲ್ಲೋ?" ಎಂದು ಕೇಳಿದರೆ ಇಸವಿ ತಾನಾಗಿ ಬರುತ್ತದೆ. ದಾಖಲೆಯಲ್ಲಿ ಒಂದು ಜನ್ಮದಿನ, ಮನೆಯವರ ಬಾಯಲ್ಲಿ ಇನ್ನೊಂದು ಇರುವುದುಂಟು. ಯಾವುದಾದರೂ ಒಂದನ್ನು ನಿರ್ಧರಿಸಿ ರಕ್ಷಾಪುಟ, ಒಳಪುಟ, ಆಹ್ವಾನ ಎಲ್ಲೆಡೆ ಅದನ್ನೇ ಹಾಕಿ.

ಪಟ್ಟಿಯಲ್ಲಿ ಕೆಲವು ವರ್ಷ ಖಾಲಿ ಉಳಿಯುತ್ತವೆ, ಬಹಳ ಸಲ ಮಕ್ಕಳು ಚಿಕ್ಕವರಿದ್ದ ವರ್ಷಗಳೇ. ಅಲ್ಲಿ "ಘಟನೆ" ಹುಡುಕಬೇಡಿ. ಆ ಕಾಲದ ಒಂದು ಸಾಮಾನ್ಯ ದಿನವನ್ನು, ಬೆಳಗ್ಗೆ ಎದ್ದ ಹೊತ್ತಿನಿಂದ ದೀಪ ಆರಿಸುವವರೆಗೆ, ಗಂಟೆಗಳ ಲೆಕ್ಕದಲ್ಲಿ ಕೂಡಿಸಿ. ಓದುಗರಿಗೆ ಬಹುಮಾನದ ಪಟ್ಟಿಗಿಂತ ಅದು ಹತ್ತು ಪಾಲು ಹೆಚ್ಚು ಹೇಳುತ್ತದೆ.

ಇನ್ನು ವಾಕ್ಯಗಳ ಪರೀಕ್ಷೆ. ಬಂದ ಬರಹದಲ್ಲಿ ಗುಣವಾಚಕಗಳ ಅಡಿ ಗೆರೆ ಎಳೆದು, ಪ್ರತಿಯೊಂದರ ಪಕ್ಕದಲ್ಲಿ "ಏನು ಮಾಡಿದ್ದಕ್ಕೆ?" ಎಂದು ಬರೆದು ಬರೆದವರಿಗೇ ವಾಪಸ್ ಕಳಿಸಿ. ಉತ್ತರ ಬಂದರೆ ಉತ್ತರವನ್ನು ಉಳಿಸಿ ಗುಣವಾಚಕವನ್ನು ಬಿಡಿ. ಬಾರದಿದ್ದರೆ ಎರಡನ್ನೂ ಬಿಡಿ. "ಅವರಿಂದ ಪ್ರೇರಣೆ ಪಡೆದೆ", "ಅವರ ಮಾರ್ಗದರ್ಶನ ಸಿಕ್ಕಿತು" ಎಂಬಲ್ಲಿ ಕರ್ತೃ ಬರೆಯುವವರೇ ಆಗಿಬಿಡುತ್ತಾರೆ. ಕ್ರಿಯಾಪದ ಅವರದಾಗಿರಬೇಕು: ಓದಿದರು, ಬೈದರು, ಕಾದರು, ಲೆಕ್ಕ ಹಾಕಿದರು, ಒಪ್ಪಲಿಲ್ಲ.

ಧ್ವನಿಸಂಚಯ:
ಮಾತಾಡಿಸುವ ಕೆಲಸದ ಬಗ್ಗೆ. ಎಲ್ಲರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ನೆನಪು ಕೇಳಬೇಡಿ. ಗುಂಪಿನಲ್ಲಿ ಜೋರಾಗಿ ಹೇಳುವವರ ಕಥೆಯೇ ಎಲ್ಲರ ಕಥೆಯಾಗಿಬಿಡುತ್ತದೆ, ಒಬ್ಬೊಬ್ಬರೇ ನೆನೆದಾಗ ಬರುವ ಸಣ್ಣ ವಿವರಗಳು ಬಾಯಿಗೇ ಬರುವುದಿಲ್ಲ. ಮೊದಲು ಒಬ್ಬೊಬ್ಬರನ್ನೇ 40 ನಿಮಿಷ ಮಾತಾಡಿಸಿ, ಆಮೇಲೆ ಬೇಕಿದ್ದರೆ ಎಲ್ಲರೂ ಸೇರಿ. ಪತಿಯನ್ನು ಒಂದೇ ದಿನ ಪೂರ್ತಿ ಮಾತಾಡಿಸಬಾರದು, ಎರಡು ಮೂರು ಕಂತು ಮಾಡಿ.

"ಹೇಗಿದ್ದರು?" ಎಂದು ಕೇಳಿದರೆ "ತುಂಬಾ ಒಳ್ಳೆಯವರು" ಎಂದೇ ಉತ್ತರ ಬರುವುದು. ಕೇಳಬೇಕಾದ್ದು ಹೀಗೆ: ಹೊರಗಿನಿಂದ ಮನೆಗೆ ಬಂದ ಕೂಡಲೇ ಮೊದಲು ಏನು ಮಾಡುತ್ತಿದ್ದರು? ಫೋನ್ ಎತ್ತಿದರೆ ಮೊದಲ ಮಾತೇನು? ಯಾವುದಕ್ಕೆ ಸಿಟ್ಟು ಬರುತ್ತಿತ್ತು, ಬಂದರೆ ಕೂಗುತ್ತಿದ್ದರೋ ಮಾತು ಬಿಡುತ್ತಿದ್ದರೋ? ಯಾವ ಕೆಲಸವನ್ನು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ? ಯಾವ ವಿಷಯದಲ್ಲಿ ಮನಸ್ಸು ಬದಲಾಯಿಸಿದರು? ಪ್ರಶ್ನೆ ಕೇಳಿ ಸುಮ್ಮನಿರಿ. ಏಳೆಂಟು ಸೆಕೆಂಡ್ ಮೌನ ಉದ್ದ ಅನಿಸುತ್ತದೆ, ಆದರೆ ಒಳ್ಳೆಯ ಮಾತು ಅದರ ನಂತರವೇ ಬರುವುದು ಹೆಚ್ಚು.

ಜನರಿಗೆ ಸಾಮಾನ್ಯವಾಗಿ ತಮ್ಮ 10ರಿಂದ 30 ವಯಸ್ಸಿನ ನಡುವಿನ ದಿನಗಳು ಉಳಿದವುಗಳಿಗಿಂತ ಚೆನ್ನಾಗಿ ನೆನಪಿರುತ್ತವೆ. ಹಾಗಾಗಿ ಅವರ ಬಾಲ್ಯ, ಯೌವನಕ್ಕೆ ಅಣ್ಣತಮ್ಮ, ಅಕ್ಕತಂಗಿ, ಸಹಪಾಠಿಗಳನ್ನು ಹಿಡಿಯಿರಿ. ನಲವತ್ತರ ನಂತರದ ಬದುಕಿಗೆ ಮಕ್ಕಳು ಮತ್ತು ಜೊತೆಯ ಸ್ವಯಂಸೇವಕರು. ವಯಸ್ಸಾದವರ ಸರದಿ ಮೊದಲು.

ರೆಕಾರ್ಡಿಂಗ್ ಫೋನಿನಲ್ಲೇ ಸಾಕು. ಏರೋಪ್ಲೇನ್ ಮೋಡ್ ಹಾಕಿ, ಫ್ಯಾನ್ ನಿಲ್ಲಿಸಿ, ಫೋನನ್ನು ಮಾತಾಡುವವರಿಂದ ಒಂದೂವರೆ ಅಡಿಯಲ್ಲಿ ಮಡಚಿದ ಬಟ್ಟೆಯ ಮೇಲಿಡಿ. ಬರಿಯ ಮೇಜಿನ ಮೇಲಿಟ್ಟರೆ ಲೋಟ ಇಟ್ಟ ಸದ್ದೂ ಗುಡುಗಿನಂತೆ ಬರುತ್ತದೆ. ಆಯ್ಕೆ ಇದ್ದರೆ 48 ಕಿಲೋಹರ್ಟ್ಸ್‌ನ ವೇವ್ (WAV, ಧ್ವನಿಯನ್ನು ಕುಗ್ಗಿಸದ) ಫೈಲ್ ಮಾಡಿ. ಹತ್ತು ಸೆಕೆಂಡ್ ಮುದ್ರಿಸಿ ಹೆಡ್‌ಫೋನಿನಲ್ಲಿ ಕೇಳಿ ಮುಂದುವರಿಯಿರಿ. ಆರಂಭದಲ್ಲಿ ತಾರೀಖು, ಮಾತಾಡುವವರ ಹೆಸರು, ಸಂಬಂಧ ಹೇಳಿಸಿ. "ಇದನ್ನು ಪುಸ್ತಿಕೆಯಲ್ಲಿ ಬಳಸಬಹುದೇ?" ಎಂದು ಕೇಳಿ, ಉತ್ತರವೂ ಮುದ್ರಣದಲ್ಲಿ ಇರಲಿ.

ಓದುಗವ್ವ:
ಸ್ವಯಂಸೇವೆಯ ಭಾಗಕ್ಕೆ ಬರುತ್ತೇನೆ. ಪುಸ್ತಿಕೆಗಳು ಹೆಚ್ಚು ಸೋಲುವುದು ಇಲ್ಲಿ. ಸೇವೆ ಎಂದ ಕೂಡಲೇ ಭಾಷೆ ಸನ್ಮಾನಪತ್ರದ್ದಾಗುತ್ತದೆ, ಮಾಡಿದ ಕೆಲಸ ಕಾಣಿಸುವುದೇ ಇಲ್ಲ. ಇದನ್ನೂ ಒಂದು ವೃತ್ತಿಯ ಹಾಗೆ ನೋಡಿ: ಯಾವ ಕೌಶಲ ಬೇಕಿತ್ತು, ಎಷ್ಟು ಹೊತ್ತು ಹಿಡಿಯುತ್ತಿತ್ತು, ಎಲ್ಲಿ ಕಷ್ಟ, ಕಾಲ ಬದಲಾದಂತೆ ಏನು ಬದಲಾಯಿತು.

ಪಠ್ಯಪುಸ್ತಕ ಓದುವುದನ್ನೇ ತೆಗೆದುಕೊಳ್ಳಿ. ಒಂದು ಗಂಟೆಯ ಮುಗಿದ ಓದಿಗೆ ಮುಂಚಿತವಾಗಿ ಕಣ್ಣಾಡಿಸುವುದು, ತಪ್ಪಿದಲ್ಲಿ ಮತ್ತೆ ಓದುವುದು, ಕೊನೆಗೆ ಕೇಳಿ ಪರಿಶೀಲಿಸುವುದು ಎಲ್ಲ ಸೇರಿ ಎರಡು ಮೂರು ಗಂಟೆ ಬೇಕು. ಕ್ಯಾಸೆಟ್ ಕಾಲದಲ್ಲಿ 90 ನಿಮಿಷದ ಟೇಪಿನ ಒಂದು ಬದಿಗೆ 45 ನಿಮಿಷ. ಬದಿ ಮುಗಿಯುವ ಮೊದಲೇ ಪ್ಯಾರಾ ನಿಲ್ಲಿಸುವ ಜಾಗ ನೋಡಿಕೊಳ್ಳಬೇಕು, ಇಲ್ಲವಾದರೆ ವಾಕ್ಯದ ನಡುವೆ ಟೇಪು ಕಡಿಯುತ್ತದೆ. ಆಮೇಲೆ ಸಿಡಿ ಬಂತು, ಎಂಪಿ3 ಬಂತು. ಧ್ವನಿಪುಸ್ತಕದಲ್ಲಿ ನೇರವಾಗಿ ಬೇಕಾದ ಅಧ್ಯಾಯಕ್ಕೋ ಪುಟಕ್ಕೋ ಹೋಗಲು ಸಾಧ್ಯವಾಗಿಸಿದ್ದು ಡೈಸಿ ಎಂಬ ಮಾದರಿ. ಅದನ್ನು ಬೆಳೆಸಲು ಹಲವು ದೇಶಗಳ ಸಂಸ್ಥೆಗಳು ಸೇರಿ 1996ರಲ್ಲಿ ಡೈಸಿ ಒಕ್ಕೂಟ ಕಟ್ಟಿದವು. ಇವರು ಎರಡು ದಶಕ ಓದಿದ್ದಾರೆ ಎಂದರೆ ಈ ಬದಲಾವಣೆಗಳಲ್ಲಿ ಕೆಲವಕ್ಕಾದರೂ ಹೊಂದಿಕೊಂಡಿರಲೇಬೇಕು. ಯಾವುದನ್ನು ಯಾವಾಗ ಕಲಿತರು, ಯಾರು ಕಲಿಸಿದರು, ಯಾವುದಕ್ಕೆ ಗೊಣಗಿದರು ಎಂದು ಜೊತೆಯವರನ್ನು ಕೇಳಿ. ಒಂದು ಇಡೀ ಪುಟಕ್ಕೆ ಸಾಕಾಗುವಷ್ಟು ಸಿಗುತ್ತದೆ.

ಹೋಲಿಸಿ ನೋಡಲು ಎರಡು ವಾಕ್ಯ. "ಅವರು ಅಂಧ ವಿದ್ಯಾರ್ಥಿಗಳ ಬಾಳಿಗೆ ಬೆಳಕಾದರು." ಇದನ್ನು ತೆಗೆದು ಹೀಗೆ ಬರೆಯಬಹುದು: "ಪುಟ ತಿರುವಿದಾಗಲೆಲ್ಲ ಪುಟದ ಸಂಖ್ಯೆ ಹೇಳುತ್ತಿದ್ದರು, ತರಗತಿಯಲ್ಲಿ ಮೇಷ್ಟ್ರು 'ಪುಟ 84 ತೆಗೆಯಿರಿ' ಎಂದಾಗ ಕೇಳಿ ಓದುವ ಹುಡುಗನೂ ಉಳಿದವರ ಜೊತೆಗೇ ಅಲ್ಲಿಗೆ ಬರಲಿ ಎಂದು. ನಕ್ಷೆ ಬಂದರೆ ಉತ್ತರದಿಂದ ಶುರುಮಾಡಿ ಗಡಿಯಾರದ ಮುಳ್ಳು ಸುತ್ತುವ ದಿಕ್ಕಿನಲ್ಲಿ ಗಡಿಗಳನ್ನು ಹೇಳುತ್ತಿದ್ದರು. ಹೆಸರು ಹೊಸದಾಗಿದ್ದರೆ ಒಮ್ಮೆ ಓದಿ, ಮತ್ತೆ ಅಕ್ಷರ ಬಿಡಿಸಿ ಹೇಳುತ್ತಿದ್ದರು." ಎರಡನೆಯದರಲ್ಲಿ ಹೊಗಳಿಕೆ ಒಂದೂ ಇಲ್ಲ, ಆದರೂ ಓದಿದವರಿಗೆ ಅವರ ಮನಸ್ಸು ಕಾಣುತ್ತದೆ. ಇವು ಮಾದರಿಗಷ್ಟೇ. ಅವರು ನಿಜಕ್ಕೂ ಹೇಗೆ ಓದುತ್ತಿದ್ದರು ಎಂಬುದನ್ನು ಅವರದೇ ಮುದ್ರಣ ಕೇಳಿ ಬರೆಯಬೇಕು.

ಅಂಕಿ ಹಾಕುವಾಗ ಎಚ್ಚರ. "ಸಾವಿರಾರು ವಿದ್ಯಾರ್ಥಿಗಳಿಗೆ" ಎಂದು ಬರೆಯುವ ಮೊದಲು ಲೆಕ್ಕ ಎಲ್ಲಿದೆ ನೋಡಿ. ವಾರಕ್ಕೆ 2 ಗಂಟೆ ಎಂದು ತಿಳಿದ ಮಾತ್ರಕ್ಕೆ ಅದನ್ನು 52 ವಾರ, 20 ವರ್ಷಕ್ಕೆ ಗುಣಿಸಿ 2080 ಗಂಟೆ ಎಂದು ಅಚ್ಚು ಹಾಕಬೇಡಿ. ನಡುವೆ ಪರೀಕ್ಷೆ, ರಜೆ, ಕಾಯಿಲೆ, ಯಂತ್ರ ಕೆಟ್ಟ ತಿಂಗಳು ಎಲ್ಲ ಇರುತ್ತವೆ. ಸಂಸ್ಥೆಯ ಪಟ್ಟಿಯಲ್ಲಿ ಅವರ ಹೆಸರಿನಲ್ಲಿ ಎಷ್ಟು ಪುಸ್ತಕ ಇವೆಯೋ ಅಷ್ಟನ್ನು ಹೆಸರು ಸಮೇತ ಹಾಕಿ. ಹನ್ನೊಂದೇ ಪುಸ್ತಕವಾದರೂ ಹೆಸರುಗಳಿರುವ ಪಟ್ಟಿಗೆ ಬೆಲೆ ಹೆಚ್ಚು.

ಆಸ್ಪತ್ರೆಯ ಭಾಗದಲ್ಲಿ ರೋಗಿಗಳ ಹೆಸರು, ಕಾಯಿಲೆ, ವಾರ್ಡು, ಗುರುತು ಸಿಗುವ ಯಾವುದೂ ಬೇಡ. ಹಾಗೆ ಕುಳಿತು ಬರುವವರು ರೋಗಿಯ ವಿಷಯ ಹೊರಗೆ ಹೇಳುವುದಿಲ್ಲ ಎಂಬ ಮಾತಿಗೆ ಬದ್ಧರಾಗಿರುತ್ತಾರೆ, ಅವರು ತೀರಿಕೊಂಡರೂ ಆ ಮಾತು ಉಳಿಯುತ್ತದೆ. ಅವರ ಡೈರಿಯಲ್ಲಿ ರೋಗಿಗಳ ಹೆಸರಿದ್ದರೆ ಆ ಪುಟಗಳ ಫೋಟೋ ತೆಗೆದು ಗುಂಪಿನಲ್ಲಿ ಹಾಕಬೇಡಿ. ಉಪಕಾರ ಪಡೆದ ವಿದ್ಯಾರ್ಥಿಗಳ ವಿಷಯದಲ್ಲೂ ಅಷ್ಟೇ: ಹೆಸರು, ಫೋಟೋ ಹಾಕಲು ಅವರ ಒಪ್ಪಿಗೆ ಬೇಕು, ಅವರ ಭಾಗವನ್ನು ಅವರಿಗೆ ಓದಿ ಹೇಳಿ ಒಪ್ಪಿಸಿಕೊಳ್ಳಬೇಕು. ಪುಸ್ತಿಕೆ ಅವರ ಕೈಗೂ ತಲುಪುತ್ತದೆ ಎಂಬುದು ನೆನಪಿರಲಿ, ಆದ್ದರಿಂದ ಪಠ್ಯದ ಧ್ವನಿ ಆವೃತ್ತಿಯನ್ನೂ ಮಾಡಿ.

ಇನ್ನೊಂದು ತುರ್ತು. ಅರ್ಧಕ್ಕೆ ನಿಂತ ಪುಸ್ತಕ ಯಾವುದು, ಯಾವ ಪುಟದವರೆಗೆ ಆಗಿದೆ, ಸಂಸ್ಥೆಯ ಕೀಲಿ, ಗುರುತಿನ ಚೀಟಿ, ರೆಕಾರ್ಡರ್ ಮನೆಯಲ್ಲಿವೆಯೇ ಎಂದು ಮೊದಲ ವಾರದಲ್ಲೇ ನೋಡಿ ತಿಳಿಸಿ. ಪರೀಕ್ಷೆಗೆ ಕಾಯುತ್ತಿರುವ ವಿದ್ಯಾರ್ಥಿ ಇರಬಹುದು.

ಒಳಮನೆ:
ಓದುಗವ್ವ ಮೇಡಂ ಬರೆದದ್ದೆಲ್ಲ ಒಪ್ಪಿದೆ, ಆದರೆ ಹೊರಗಿನ ಕೆಲಸಕ್ಕೆ ಇಷ್ಟು ನಿಖರತೆ ಕೊಟ್ಟು ಮನೆಯೊಳಗಿನದನ್ನು "ಪ್ರೀತಿಯ ಪತ್ನಿ, ಮಮತೆಯ ತಾಯಿ" ಎಂದು ಮುಗಿಸಬೇಡಿ. ಮನೆ ನಡೆಸುವುದಕ್ಕೂ ಒಂದು ಪದ್ಧತಿ ಇರುತ್ತದೆ. ಡಬ್ಬಗಳ ಮೇಲಿನ ಕೈಬರಹದ ಚೀಟಿ, ಖರ್ಚಿನ ಪುಸ್ತಕ, ಕ್ಯಾಲೆಂಡರಿನಲ್ಲಿ ಹಾಕಿದ ಗುರುತು, ಔಷಧಿಯ ಸಮಯದ ಪಟ್ಟಿ, ಇವನ್ನು ಯಾರೂ ತೆಗೆದು ಸ್ವಚ್ಛ ಮಾಡುವ ಮೊದಲು ಇದ್ದಲ್ಲೇ ಫೋಟೋ ತೆಗೆಯಿರಿ. ಖರ್ಚಿನ ಪುಸ್ತಕದ ಒಂದು ತಿಂಗಳನ್ನು ನಿಧಾನವಾಗಿ ಓದಿದರೆ ಯಾರ ಶುಲ್ಕಕ್ಕೆ ಯಾವುದನ್ನು ಮುಂದೂಡಿದರು ಎಂಬುದು ಅಂಕಿಯಲ್ಲೇ ಸಿಗುತ್ತದೆ.

"ತ್ಯಾಗಮಯಿ" ಪದ ಬಂದಲ್ಲೆಲ್ಲ ನಿಂತು ವಿಚಾರಿಸಿ. ಕೆಲಸ ಬಿಟ್ಟರೇ? ಯಾವ ವರ್ಷ? ಬಿಡಬೇಕೆಂದದ್ದು ಯಾರು? ಮತ್ತೆ ಸೇರಲು ನೋಡಿದರೇ? ಆ ಬಗ್ಗೆ ಏನೆನ್ನುತ್ತಿದ್ದರು? ಒಂದು ಪದದೊಳಗೆ ಒಬ್ಬರ ಇಡೀ ನಿರ್ಧಾರವನ್ನು ಮುಚ್ಚಿಡುವುದು ಅವರಿಗೆ ಮಾಡುವ ಅನ್ಯಾಯ.

ಪತಿ ಬರೆಯುವ ಭಾಗ ಬೇರೆಯೇ ಇರಲಿ, ಮಕ್ಕಳ ಬರಹದ ಜೊತೆ ಬೆರೆಸಬೇಡಿ. ಮದುವೆಯ ದಿನದಿಂದ ಶುರುಮಾಡಬೇಕಿಲ್ಲ. ಇಬ್ಬರೂ ಸೇರಿ ತೆಗೆದುಕೊಂಡ ಒಂದು ನಿರ್ಧಾರ, ಇಬ್ಬರೂ ಒಪ್ಪದೇ ಹೋದ ಒಂದು ವಿಷಯ, ದಿನಾ ನಡೆಯುತ್ತಿದ್ದ ಒಂದು ಸಣ್ಣ ಮಾತುಕತೆ, ಈ ಮೂರಿದ್ದರೆ ದಾಂಪತ್ಯ ಪುಟಕ್ಕೆ ಬರುತ್ತದೆ. ಬರೆಯಲು ಆಗದಿದ್ದರೆ ಹೇಳಲಿ, ಬೇರೆಯವರು ಅವರ ಮಾತಿನ ಧಾಟಿ ಕೆಡಿಸದೆ ಬರೆದುಕೊಳ್ಳಲಿ. ಚಿಕ್ಕ ಮಕ್ಕಳು, ಮೊಮ್ಮಕ್ಕಳು ಹೇಳಿದ್ದನ್ನು ಯಾರೂ ತಿದ್ದಬಾರದು.

ಕರಡುತಿದ್ದುಗ:
ಒಳಮನೆ ಅವರ ಮಾತು ಸರಿ. ಕಾಯಿಲೆಯ ಬಗ್ಗೆ ಒಂದು ಅಳತೆ ಸೇರಿಸುತ್ತೇನೆ: ಕೊನೆಯ ವರ್ಷ ಪುಸ್ತಿಕೆಯ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಜಾಗ ತಿನ್ನಬಾರದು. ಮನೆಯವರ ಮನಸ್ಸಿನಲ್ಲಿ ಆಸ್ಪತ್ರೆಯ ದಿನಗಳೇ ಹಸಿಯಾಗಿರುವುದರಿಂದ ಕರಡಿನಲ್ಲಿ ಅರ್ಧದಷ್ಟು ಅದೇ ತುಂಬುತ್ತದೆ. ಬರೆಯಲಿ, ತಡೆಯಬೇಡಿ, ಆಮೇಲೆ ಕಡಿಮೆ ಮಾಡಿ. ಸಾವಿನ ಕಾರಣ ಹಾಕಲೇಬೇಕೆಂಬ ನಿಯಮವಿಲ್ಲ. ಆತ್ಮಹತ್ಯೆಯಾಗಿದ್ದಲ್ಲಿ ವಿಧಾನ, ಜಾಗದ ವಿವರ ಬರೆಯಬಾರದು, ವಿಶ್ವ ಆರೋಗ್ಯ ಸಂಸ್ಥೆ ಮಾಧ್ಯಮದವರಿಗೆ ಹೇಳಿರುವುದೂ ಅದನ್ನೇ.

ಸಿಟ್ಟು, ಹಠ, ಮರೆವು ಇವನ್ನು ಸೇರಿಸಿ. ಆದರೆ ಬದುಕಿರುವವರ ಮೇಲೆ ದೂರಾಗಿ ಓದಿಸಿಕೊಳ್ಳುವ ಪ್ರಸಂಗ ಬೇಡ. ಅವರು ಉತ್ತರ ಕೊಡಲು ಪುಸ್ತಿಕೆಯಲ್ಲಿ ಜಾಗವಿರುವುದಿಲ್ಲ.

ಹಳೇಆಲ್ಬಂ:
ಫೋಟೋ ವಿಷಯ. 4×6 ಇಂಚಿನ ಪ್ರಿಂಟನ್ನು 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕೆ) ಸ್ಕ್ಯಾನ್ ಮಾಡಿದರೆ 2400×3600 ಪಿಕ್ಸೆಲ್ ಬರುತ್ತದೆ, 300 ಡಿಪಿಐನಲ್ಲಿ 8×12 ಇಂಚಿನವರೆಗೆ ಅಚ್ಚಾಗುತ್ತದೆ. ಪಾಸ್‌ಪೋರ್ಟ್ ಸೈಜಿನದನ್ನು 1200ರಲ್ಲಿ ಮಾಡಿ. ಗ್ರೂಪ್ ಫೋಟೋದಿಂದ ಮುಖ ಮಾತ್ರ ಕತ್ತರಿಸಿ ರಕ್ಷಾಪುಟಕ್ಕೆ ಹಾಕುವ ಆಸೆ ಎಲ್ಲರಿಗೂ. 1 ಸೆಂ.ಮೀ. ಎತ್ತರದ ಮುಖ 600ರಲ್ಲಿ ಸುಮಾರು 236 ಪಿಕ್ಸೆಲ್ ಅಷ್ಟೇ, ಅಚ್ಚಿನಲ್ಲಿ 2 ಸೆಂ.ಮೀ. ಮೀರಿದರೆ ಮಸುಕು. ಮುಖ ಸ್ಪಷ್ಟ ಮಾಡಿಕೊಡುವ ಎಐ ಆ್ಯಪುಗಳು ಇಲ್ಲದ ಹಲ್ಲು, ಇಲ್ಲದ ಕಣ್ಣು ಊಹಿಸಿ ಕೂರಿಸುತ್ತವೆ. ಮಕ್ಕಳಿಗೆ ನೋಡಿದ ತಕ್ಷಣ "ಇದು ಅಮ್ಮ ಅಲ್ಲ" ಅನಿಸುತ್ತದೆ. ಚಿಕ್ಕದಾಗಿಯೇ ಹಾಕಿ.

ಆಲ್ಬಂನಲ್ಲಿ ಅಂಟಿಕೊಂಡಿದ್ದರೆ ಉಗುರಿನಿಂದ ಎಬ್ಬಿಸಬೇಡಿ. ಮೇಣ ಸವರದ ಡೆಂಟಲ್ ಫ್ಲಾಸನ್ನು ಫೋಟೋ ಹಿಂದೆ ಮೂಲೆಯಿಂದ ತೂರಿಸಿ ಗರಗಸದಂತೆ ಮೆಲ್ಲಗೆ ಆಡಿಸಿ. ಬರದಿದ್ದರೆ ಪುಟವನ್ನೇ ಸ್ಕ್ಯಾನರ್ ಮೇಲೆ ಮಲಗಿಸಿ. ಹಿಂಬದಿಯಲ್ಲಿ ಬಾಲ್ ಪೆನ್ನಿನಿಂದ ಬರೆದರೆ ಗೀರು ಮುಂದಕ್ಕೆ ಒತ್ತಿ ಕಾಣುತ್ತದೆ, ಮೆತ್ತನೆಯ ಪೆನ್ಸಿಲ್ ಬಳಸಿ. ಹಿಂಬದಿಯ ಹಳೆಯ ಬರಹವನ್ನೂ ಸ್ಕ್ಯಾನ್ ಮಾಡಿ. ಎಷ್ಟೋ ಸಲ ಅವರ ಕೈಬರಹ ಸಿಗುವುದೇ ಅಲ್ಲಿ.

ಫೈಲಿನ ಹೆಸರು ಇಸವಿಯಿಂದ ಶುರುವಾಗಲಿ: "1987-03-ಹೊಸಮನೆ-ಅಮ್ಮ-ಚಿಕ್ಕಮ್ಮ" ಹೀಗೆ. ಬಣ್ಣ ಕೆಂಪಾಗಿದ್ದರೆ ಮೂಲ ಸ್ಕ್ಯಾನ್ ಹಾಗೆಯೇ ಇಟ್ಟು ಪ್ರತಿಯಲ್ಲಿ ಮಾತ್ರ ಸರಿಪಡಿಸಿ. ವಾಟ್ಸ್‌ಆ್ಯಪಿನಲ್ಲಿ ಫೋಟೋ ಆಗಿ ಕಳಿಸಿದರೆ ಗಾತ್ರ ಕುಗ್ಗುತ್ತದೆ, "ಡಾಕ್ಯುಮೆಂಟ್" ಆಗಿ ಕಳಿಸಲು ಎಲ್ಲರಿಗೂ ಹೇಳಿ.

ನೀಲಿಶಾಯಿ:
ಎಲ್ಲರಿಗೂ ಧನ್ಯವಾದ. ಮೂರು ವಿಷಯ ಕೇಳಬೇಕಿತ್ತು. ಅವರಿಗೆ ಅತಿ ಇಷ್ಟವಾಗಿದ್ದ ಫೋಟೋ ಚೌಕಟ್ಟಿನ ಗಾಜಿಗೆ ಅಂಟಿಕೊಂಡಿದೆ. ಸಂಬಂಧಿಕರ ಹೆಸರುಗಳ ಕ್ರಮದ ಬಗ್ಗೆ ಈಗಾಗಲೇ ಮಾತು ಬಂದಿದೆ. ಫೋನಿನ ಪಿನ್ ಮಗಳಿಗೆ ಗೊತ್ತು, ಮಾಡಬೇಕಾದ್ದೇನು?

ಹಳೇಆಲ್ಬಂ:
ಗಾಜಿನಿಂದ ಎಳೆಯಬೇಡಿ, ಬಿಸಿ ಗಾಳಿ ಬಿಡಬೇಡಿ. ಚಿತ್ರದ ಮೇಲ್ಪದರವೇ ಗಾಜಿಗೆ ಉಳಿದುಬಿಡುತ್ತದೆ. ಚೌಕಟ್ಟು, ಹಿಂಬದಿಯ ಹಲಗೆ ಮಾತ್ರ ತೆಗೆದು, ಗಾಜಿನ ಹೊರಮೈ ಒರೆಸಿ, ಗಾಜಿನ ಸಮೇತ ಸ್ಕ್ಯಾನ್ ಮಾಡಿ. ದ್ರವವನ್ನು ಗಾಜಿನ ಮೇಲೆ ಸಿಂಪಡಿಸದೆ ಬಟ್ಟೆಗೆ ಹಾಕಿ ಒರೆಸಿ, ಅಂಚಿನಿಂದ ಒಳಗಿಳಿದರೆ ಚಿತ್ರ ಹೋಯಿತು.

ಕರಡುತಿದ್ದುಗ:
ಹೆಸರುಗಳಿಗೆ ವಯಸ್ಸಿನ ಕ್ರಮ ಅಥವಾ ಅಕ್ಷರ ಕ್ರಮ, ಎರಡರಲ್ಲಿ ಒಂದನ್ನು ಹಿಡಿದು ಅದನ್ನು ಪಟ್ಟಿಯ ಮೇಲೆ ಬರೆದುಬಿಡಿ. ಜಗಳ ಮುಕ್ಕಾಲು ಪಾಲು ಅಲ್ಲಿಗೇ ನಿಲ್ಲುತ್ತದೆ. ಮಾತು ಬಿಟ್ಟ ಸಂಬಂಧಿಯನ್ನು, ಮಲಮಕ್ಕಳನ್ನು ಬಿಡಬೇಡಿ. ಮಗುವೊಂದು ಮೊದಲೇ ತೀರಿಕೊಂಡಿದ್ದರೆ ಅದರ ಹೆಸರನ್ನು ಹಾಕಬೇಕೇ ಎಂದು ತಂದೆಯನ್ನು ಕೇಳಿ, ನೀವೇ ತೀರ್ಮಾನಿಸಬೇಡಿ.

ಕರಡನ್ನು ಇಡೀ ಬಳಗಕ್ಕೆ ಕಳಿಸಿದರೆ ಪುಸ್ತಿಕೆ ಹೊರಬರುವುದಿಲ್ಲ. ಪೂರ್ತಿ ಓದುವವರು ಮೂವರು ಸಾಕು: ಪತಿ, ಮಕ್ಕಳಲ್ಲಿ ಒಬ್ಬರು, ಸ್ವಯಂಸೇವೆಯ ಜೊತೆಗಾರರು ಒಬ್ಬರು. ಉಳಿದವರಿಗೆ ಅವರವರ ಹೆಸರು ಬರುವ ಪ್ಯಾರಾ ಮಾತ್ರ ಕಳಿಸಿ "ಹೆಸರು, ಇಸವಿ, ಸಂಬಂಧ ಸರಿಯೇ? ಭಾನುವಾರದೊಳಗೆ ತಿಳಿಸಿ" ಎಂದು ಕೇಳಿ. ಸಾರ್ವಜನಿಕವಾಗಿ ಹಂಚುವ ಪ್ರಕಟಣೆಯಲ್ಲಿ ಪೂರ್ಣ ಜನ್ಮದಿನಾಂಕ, ತವರಿನ ಹೆಸರು, ಮನೆಯ ವಿಳಾಸ ಬೇಡ. ಬ್ಯಾಂಕುಗಳು ಗುರುತು ಕೇಳುವುದು ಇಂಥ ವಿವರಗಳನ್ನೇ. ವಿಳಾಸ ಮತ್ತು ಸಭೆಯ ಸಮಯ ಎರಡೂ ಒಟ್ಟಿಗಿದ್ದರೆ ಮನೆ ಖಾಲಿ ಇರುವ ಹೊತ್ತನ್ನೂ ಸಾರಿದಂತಾಗುತ್ತದೆ.

ಬೀಗದಕೈ:
ಫೋನ್ ಆಫ್ ಆಗಿ ಮತ್ತೆ ಆನ್ ಆದರೆ ಬೆರಳಚ್ಚು, ಮುಖ ನಡೆಯುವುದಿಲ್ಲ, ಪಿನ್ ಬೇಕೇ ಬೇಕು. ಪಿನ್ ತಪ್ಪಾಗಿ ಮತ್ತೆ ಮತ್ತೆ ಒತ್ತಿದರೆ ಲಾಕ್ ಬೀಳುತ್ತದೆ, ಕೆಲವು ಫೋನುಗಳಲ್ಲಿ ಎಲ್ಲವೂ ಅಳಿಸಿಹೋಗುವ ಸೆಟ್ಟಿಂಗ್ ಇರುತ್ತದೆ. ಪಿನ್ ಗೊತ್ತಿದೆ ಎಂದಿರಿ, ಒಳ್ಳೆಯದು. ಆದರೂ ಬ್ಯಾಂಕಿನ ಆ್ಯಪ್ ಮುಟ್ಟಬೇಡಿ. ತೀರಿಕೊಂಡವರ ಖಾತೆಯಿಂದ ಅವರ ಹೆಸರಿನಲ್ಲೇ ಹಣ ತೆಗೆಯುವುದು ಕಾನೂನಿನ ತೊಂದರೆ ತರುತ್ತದೆ.

ಸಿಮ್ ಉಳಿಸಬೇಕಾದ್ದು ಓಟಿಪಿಗಾಗಿ. ಅದು ನಿಂತರೆ ಇಮೇಲ್, ಕ್ಲೌಡ್ ಫೋಟೋ ಯಾವುದರ ಬಾಗಿಲೂ ತೆರೆಯುವುದು ಕಷ್ಟ, ಸ್ವಲ್ಪ ಕಾಲದ ನಂತರ ಆ ನಂಬರು ಬೇರೆಯವರ ಪಾಲಾಗುತ್ತದೆ. ವಾಟ್ಸ್‌ಆ್ಯಪ್ ಖಾತೆ ಸಾಮಾನ್ಯವಾಗಿ 120 ದಿನ ಬಳಕೆಯಿಲ್ಲದಿದ್ದರೆ ಅಳಿಯುತ್ತದೆ. ಮುಖ್ಯವಾದ ಚಾಟುಗಳನ್ನು ಒಂದೊಂದಾಗಿ "ಎಕ್ಸ್‌ಪೋರ್ಟ್ ಚಾಟ್" ಮಾಡಿ. ಮೀಡಿಯಾ ಸಹಿತ ಆರಿಸಿದರೆ ತೀರಾ ಹಳೆಯ ಸಂದೇಶಗಳು ಬಿಟ್ಟುಹೋಗಬಹುದು, ಹಾಗಾಗಿ ಮೀಡಿಯಾ ಇಲ್ಲದೆಯೂ ಒಂದು ಸಲ ತೆಗೆಯಿರಿ. ಅವರ ಧ್ವನಿ ಸಂದೇಶಗಳು ಅವನ್ನು ಪಡೆದವರ ಫೋನಿನಲ್ಲೂ ಇರುತ್ತವೆ. ಅವರೆಲ್ಲ ಫೋನ್ ಬದಲಾಯಿಸುವ ಮೊದಲು ಕೇಳಿ ತರಿಸಿಕೊಳ್ಳಿ.

ಗೂಗಲ್ ಖಾತೆ ಎರಡು ವರ್ಷ ಬಳಸದಿದ್ದರೆ ಅಳಿಸಬಹುದೆಂಬ ನಿಯಮ ಡಿಸೆಂಬರ್ 2023ರಿಂದ ಜಾರಿಯಲ್ಲಿದೆ. ಆಪಲ್‌ನಲ್ಲಿ ಬದುಕಿದ್ದಾಗಲೇ "ಲೆಗಸಿ ಕಾಂಟ್ಯಾಕ್ಟ್" (ತಮ್ಮ ನಂತರ ಖಾತೆ ನೋಡಿಕೊಳ್ಳುವವರು) ನೇಮಿಸಿದ್ದರೆ ಆ ವ್ಯಕ್ತಿ ತಮಗೆ ಸಿಕ್ಕಿದ್ದ ಕೀ ಮತ್ತು ಮರಣ ಪ್ರಮಾಣಪತ್ರ ಕೊಟ್ಟು ಫೋಟೋ, ಟಿಪ್ಪಣಿ ಪಡೆಯಬಹುದು, ಪಾಸ್‌ವರ್ಡುಗಳು ಮಾತ್ರ ಸಿಗುವುದಿಲ್ಲ. ಫೇಸ್‌ಬುಕ್ ಖಾತೆಯನ್ನು ಸ್ಮರಣ ಖಾತೆಯಾಗಿ ಬದಲಾಯಿಸಿದ ಮೇಲೆ ಯಾರೂ ಲಾಗಿನ್ ಆಗಲಾರರು. ಬೇಕಾದ ಫೋಟೋ ಇಳಿಸಿಕೊಂಡು ಆಮೇಲೆ ಅರ್ಜಿ ಹಾಕಿ. ಖಾಸಗಿ ಸಂದೇಶಗಳನ್ನು ಓದಬೇಕೇ ಎಂಬುದನ್ನು ಮನೆಯವರು ಮೊದಲೇ ಮಾತಾಡಿಕೊಳ್ಳಲಿ. ಪುಸ್ತಿಕೆಗೆ ಅವು ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ.

ಪುಟಗಾರ:
ಅಚ್ಚಿನ ಲೆಕ್ಕ. ಎ5 ಅಳತೆ, ನಡುವೆ ಪಿನ್ ಹೊಡೆಯುವುದಾದರೆ ಪುಟಗಳು 4ರ ಗುಣಕದಲ್ಲಿರಬೇಕು. 32 ಪುಟ ಹಿಡಿದರೆ ಫೋಟೋಗೆ 10, ಮೊದಲ ಮತ್ತು ಕೊನೆಯ ಪುಟಗಳಿಗೆ 4 ಬಿಟ್ಟು 18 ಪುಟ ಉಳಿಯುತ್ತದೆ. 12 ಪಾಯಿಂಟಿನಲ್ಲಿ ಪುಟಕ್ಕೆ ಸುಮಾರು 200 ಪದ ಎಂದರೆ 3600 ಪದ. ಬರೆಯುವವರಿಗೆ ಮೊದಲೇ ಮಿತಿ ಹೇಳಿ: ಪತಿಗೆ 800, ಮಕ್ಕಳಿಗೆ 500ರಂತೆ, ಸ್ವಯಂಸೇವೆಗೆ 900. ಒಳ ಅಂಚಿಗೆ 18 ಮಿ.ಮೀ., ಪುಟದ ತುದಿಯವರೆಗೆ ಬರುವ ಚಿತ್ರಕ್ಕೆ 3 ಮಿ.ಮೀ. ಬ್ಲೀಡ್ (ಕತ್ತರಿಸುವ ಗೆರೆಯಾಚೆಗೂ ಚಿತ್ರ ಚಾಚಿರುವ ಅಂಚು).

ಕನ್ನಡದ್ದೇ ಆದ ತೊಡಕುಗಳಿವೆ. ಒಬ್ಬರು ಹಳೆಯ ನುಡಿ ಫಾಂಟಿನಲ್ಲಿ, ಇನ್ನೊಬ್ಬರು ಯೂನಿಕೋಡಿನಲ್ಲಿ (ಎಲ್ಲ ಕಂಪ್ಯೂಟರ್, ಫೋನುಗಳಿಗೂ ಒಂದೇ ಆದ ಅಕ್ಷರ ಸಂಕೇತ) ಕಳಿಸುತ್ತಾರೆ. ಎಲ್ಲವನ್ನೂ ಯೂನಿಕೋಡಿಗೆ ಬದಲಾಯಿಸಿ, ಬದಲಾದ ಮೇಲೆ ಅರ್ಕಾವತ್ತು, ಒತ್ತಕ್ಷರ, ಅಂಕಿಗಳನ್ನು ಕಣ್ಣಿಂದ ನೋಡಿ. ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಅಂಕಿಯನ್ನು ಒತ್ತಿರುವವರು ಬಹಳ. ನೋಡಲು ಒಂದೇ, ಆದರೆ ಹೆಸರು ಹುಡುಕಿದರೆ ಸಿಗುವುದಿಲ್ಲ. ಹೆಸರುಗಳಲ್ಲಿ ಬೇಡದ ಒತ್ತು ಬೀಳುವುದು ಇನ್ನೊಂದು: "ಫೇಸ್‌ಬುಕ್" ಎಂಬುದು "ಫೇಸ್ಬುಕ್" ಆದ ಹಾಗೆ ಮನೆಯವರ ಹೆಸರೂ ಕೆಡುತ್ತದೆ, ನಡುವೆ ಜೋಡಣೆ ತಡೆಯುವ ಅಕ್ಷರ (ZWNJ) ಹಾಕಬೇಕು. ಪುಟ ವಿನ್ಯಾಸದ ತಂತ್ರಾಂಶವಾದ ಇನ್‌ಡಿಸೈನ್‌ನಲ್ಲಿ "ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್" ಆರಿಸದಿದ್ದರೆ ಒತ್ತಕ್ಷರ ಚೆಲ್ಲಾಪಿಲ್ಲಿ. ಫಾಂಟ್ ಸೇರಿಸಿದ ಪಿಡಿಎಫನ್ನೇ ಮುದ್ರಣಾಲಯಕ್ಕೆ ಕೊಟ್ಟು, ಕಾಗದದ ಮೇಲೆ ಒಂದು ಪ್ರೂಫ್ ತೆಗೆಸಿ, ಹೆಸರುಗಳನ್ನು ಮಾತ್ರ ಹಿಂದಿನಿಂದ ಮುಂದಕ್ಕೆ ಒಮ್ಮೆ ಓದಿ.

ಧ್ವನಿಸಂಚಯ:
ಪತಿಯ ಮಾತಿಗೆ: ಸಭೆಯಲ್ಲಿ ನಿಧಾನವಾಗಿ ಓದಿದರೆ ಕನ್ನಡದಲ್ಲಿ ನಿಮಿಷಕ್ಕೆ 80ರಿಂದ 100 ಪದ. ಐದಾರು ನಿಮಿಷಕ್ಕೆ 400 ಪದ ಬರೆದರೆ ಸಾಕು, ಗಂಟಲು ಕಟ್ಟುವ ಹೊತ್ತಿಗೂ ಸಮಯ ಉಳಿಯುತ್ತದೆ. 16 ಪಾಯಿಂಟ್, ಒಂದೂವರೆ ಸಾಲಿನ ಅಂತರ, ಹಾಳೆಯ ಒಂದೇ ಬದಿ, ದೊಡ್ಡ ಪುಟಸಂಖ್ಯೆ. ವಾಕ್ಯ ಒಂದು ಹಾಳೆಯಿಂದ ಇನ್ನೊಂದಕ್ಕೆ ಹರಿಯಬಾರದು. ಪಿನ್ ಹೊಡೆಯಬೇಡಿ, ತಿರುವುವಾಗ ಮೈಕಿಗೆ ಸದ್ದು. ಅತಿ ಭಾರವಾದ ಮಾತು ಮೊದಲ ವಾಕ್ಯದಲ್ಲೂ ಬೇಡ, ಕೊನೆಯ ವಾಕ್ಯದಲ್ಲೂ ಬೇಡ, ನಡುವೆ ಇರಲಿ. ಇನ್ನೊಂದು ಪ್ರತಿ ಹಿಡಿದು ಒಬ್ಬರು ಮುಂದಿನ ಸಾಲಿನಲ್ಲಿ ಕೂತಿರಲಿ, ನಿಲ್ಲಿಸಿದರೆ ಅಲ್ಲಿಂದ ಮುಂದುವರಿಸಲು. ಮನೆಯಲ್ಲಿ ಎರಡು ಸಲ ಗಟ್ಟಿಯಾಗಿ ಓದಿ, ನಾಲಗೆ ತೊಡರುವ ಪದವನ್ನು ಬದಲಾಯಿಸಿ.

ನೀಲಿಶಾಯಿ:
ಅವರ ಕಪಾಟಿನಲ್ಲಿ ಓದಿದ ಕ್ಯಾಸೆಟ್ಟುಗಳು ಸಿಕ್ಕಿವೆ, ಲೇಬಲ್ ಅವರ ಕೈಬರಹದಲ್ಲೇ ಇದೆ. ಮಕ್ಕಳು ಯೂಟ್ಯೂಬಿಗೆ ಹಾಕೋಣ ಎನ್ನುತ್ತಿದ್ದಾರೆ.

ಓದುಗವ್ವ:
ಪೂರ್ತಿ ಪಾಠಗಳನ್ನು ಹಾಕಬೇಡಿ. ಪುಸ್ತಕದ ಹಕ್ಕು ಲೇಖಕರದೋ ಪ್ರಕಾಶಕರದೋ ಆಗಿರುತ್ತದೆ. ದೃಷ್ಟಿ ಇಲ್ಲದವರಿಗಾಗಿ, ಓದಲಾಗದವರಿಗಾಗಿ ಪ್ರತಿ ಮಾಡಲು ಅವಕಾಶ ಕೊಡುವ ಮರಕೇಶ್ ಒಪ್ಪಂದ 2013ರಲ್ಲಿ ಆಗಿ 2016ರಲ್ಲಿ ಜಾರಿಗೆ ಬಂತು. ಆ ವಿನಾಯಿತಿ ಅಂಥ ಓದುಗರಿಗೆ ಮಾತ್ರ, ಎಲ್ಲರಿಗೂ ತೆರೆದಿಡುವುದಕ್ಕಲ್ಲ. ಮನೆಯವರು ಕೇಳಲು ಇಟ್ಟುಕೊಳ್ಳಿ. ಸಭೆಯಲ್ಲಿ ಕೇಳಿಸುವುದಾದರೆ ಅವರು ಪುಸ್ತಕದ ಹೆಸರು, ಓದುವವರ ಹೆಸರು ಹೇಳುವ ಮೊದಲ ಅರ್ಧ ನಿಮಿಷ ಆರಿಸಿ. ಅದು ಅವರದೇ ಮಾತು.

ಧ್ವನಿಸಂಚಯ:
ಟೇಪು ಹಾಕುವ ಮೊದಲು ಕ್ಯಾಸೆಟ್ಟಿನ ಮೇಲಂಚಿನಲ್ಲಿರುವ ಎರಡು ಪ್ಲಾಸ್ಟಿಕ್ ಚೂರುಗಳನ್ನು ಮುರಿಯಿರಿ. ಅವು ಇದ್ದರೆ ರೆಕಾರ್ಡ್ ಬಟನ್ ತಪ್ಪಿ ಒತ್ತಿದ ಕ್ಷಣದಿಂದ ಅವರ ದನಿ ಅಳಿಯುತ್ತಾ ಹೋಗುತ್ತದೆ. ಬಿಳಿ ಬೂಷ್ಟು ಕಂಡರೆ ಹಾಕಲೇಬೇಡಿ, ಪ್ಲೇಯರ್ ಮೂಲಕ ಉಳಿದ ಟೇಪುಗಳಿಗೂ ಹರಡುತ್ತದೆ. ಅದನ್ನು ಬಲ್ಲವರಿಗೆ ಕೊಡಿ. ಹೆಡ್ (ಟೇಪು ತಾಗುವ ಲೋಹದ ಭಾಗ) ಒರೆಸಿದ ಪ್ಲೇಯರಿನಲ್ಲಿ ಮೊದಲು ಬೇಡದ ಒಂದು ಟೇಪು ಓಡಿಸಿ ಎಳೆಯುವುದಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ಹೆಡ್‌ಫೋನ್ ಅಥವಾ ಲೈನ್ ಔಟ್‌ನಿಂದ ಕಂಪ್ಯೂಟರಿನ ಲೈನ್ ಇನ್‌ಗೆ ತಂತಿ ಕೊಟ್ಟು 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಮುದ್ರಿಸಿ, ಎರಡೂ ಬದಿ ಬೇರೆ ಬೇರೆ ಫೈಲ್. ಸದ್ದು ಶೋಧಿಸುವುದೇನಿದ್ದರೂ ಪ್ರತಿಯ ಮೇಲೆ. ಮೂರು ಪ್ರತಿ ಮಾಡಿ ಒಂದನ್ನು ಬೇರೆ ಮನೆಯಲ್ಲಿಡಿ, ಪೆನ್‌ಡ್ರೈವ್ ಒಂದನ್ನೇ ನಂಬಬೇಡಿ. ಲೇಬಲ್ಲುಗಳ ಫೋಟೋ ತೆಗೆಯಿರಿ, ಸಂಸ್ಥೆಯ ಮುದ್ರೆ ಇರುವ ಕ್ಯಾಸೆಟ್ಟುಗಳನ್ನು ಬೇರೆ ಮಾಡಿ ಪಟ್ಟಿ ಸಮೇತ ಅವರಿಗೆ ಮರಳಿಸಿ. ಅವರ ಕಡೆಯ ಪ್ರತಿ ಹಾಳಾಗಿದ್ದರೆ ಉಳಿದಿರುವುದು ಇದೊಂದೇ ಆಗಿರಬಹುದು.